ಕೆಂಪು ಕಾಳು ಬಂದವರಿಗೆ ಬೀಗದ ಕೈ

ಅಕ್ಟೋಬರ್ ೨೯

ಗಾಳಿ ಉತ್ತರದ್ದು, ಹದವಾಗಿದೆ. ಗಾಳಿ ಯಾವ ಕಡೆಯದು ಎಂದು ಬರೆಯದೆ ಮುಂದಕ್ಕೆ ಹೋಗಲು ಕೈ ಒಪ್ಪುವುದಿಲ್ಲ. ಮೂವತ್ತನಾಲ್ಕು ವರ್ಷ ಹಡಗಿನ ಎಂಜಿನ್ ಕೋಣೆಯಲ್ಲಿ ದಾಖಲೆ ಬರೆದ ಕೈ ಇದು.

ಎವಾಂಥಿಯಾಳ ಕಪಾಟಿನಲ್ಲಿ ಒಂದಕ್ಷರವೂ ಬರೆಯದ ಒಂಬತ್ತು ನೋಟ್‌ಬುಕ್ ಸಿಕ್ಕವು. ಇದು ಮೊದಲನೆಯದು. ಮೂವತ್ತೊಂದು ವರ್ಷ ಶಾಲೆಯಲ್ಲಿ ಹಳೆಯ ಗ್ರೀಕ್ ಪಾಠ ಹೇಳಿದವಳು, ಕಾಗದ ಕಂಡರೆ ಎತ್ತಿಡುತ್ತಿದ್ದಳು. ಅವಳು ಹೋಗಿ ಎಂಟು ತಿಂಗಳಾಯಿತು. ಗೋಡೆಯ ಜೊತೆ ಮಾತಾಡುವುದಕ್ಕಿಂತ ಬರೆಯುವುದು ಮೇಲು.

ಇವತ್ತು ಕಟ್ಟಡದ ಬಾಯ್ಲರನ್ನು ಚಳಿಗಾಲಕ್ಕೆ ಅಣಿ ಮಾಡಿದೆ. ಬರ್ನರ್ ತೊಳೆದೆ, ಫಿಲ್ಟರ್ ಬದಲಿಸಿದೆ, ಹಿತ್ತಾಳೆ ಒರೆಸಿದೆ. ಹೊಗೆಗೂಡು ಮಾತ್ರ ಉಳಿಯಿತು. ಅದನ್ನು ನೋಡಬೇಕಾದರೆ ತಾರಸಿಗೆ ಹತ್ತಿ ಅಲ್ಲಿಂದ ಹಗ್ಗದಲ್ಲಿ ದೀಪ ಇಳಿಬಿಡಬೇಕು, ಕೆಳಗೆ ಒಬ್ಬರು ಗೂಡಿನ ಬುಡದ ಪುಟ್ಟ ಬಾಗಿಲು ತೆಗೆದು ಬೆಳಕು ಕಂಡಿತೇ ಎಂದು ಹೇಳಬೇಕು. ಹತ್ತೊಂಬತ್ತು ವರ್ಷ ಕೆಳಗೆ ನಿಂತವಳು ಎವಾಂಥಿಯಾ. ಮಸಿಯ ಒಳಗಿಂದ ಅವಳ ಕೂಗು ಮೇಲೆ ಬರುತ್ತಿತ್ತು: "ಚಂದ್ರ ಕಂಡ!"

ಈ ವರ್ಷ ಕೆಳಗೆ ಯಾರಿದ್ದಾರೆ? ಮಂಡಿಯೂ ಬೇಡ ಎಂದಿತು. ಹತ್ತೊಂಬತ್ತು ವರ್ಷ ಸರಿಯಿದ್ದದ್ದು ಇಪ್ಪತ್ತನೆಯ ವರ್ಷ ಕೆಡುತ್ತದೆಯೇ? ಬಾಯ್ಲರ್ ಪುಸ್ತಕದಲ್ಲಿ "ಹೊಗೆಗೂಡು: ನೋಡಿದೆ, ಸರಿ ಇದೆ" ಎಂದು ಬರೆದು ಸಹಿ ಹಾಕಿದೆ. ಹಾಕುವಾಗ ನೌಕಾ ಕಾಲೇಜಿನ ಇಂಗ್ಲಿಷ್ ಪಾಠದ ವಾಕ್ಯವೊಂದು ಎದ್ದು ಬಂತು. "ನೆವರ್ ರೈಟ್...", ಎಂದೂ ಬರೆಯಬೇಡ, ಅಷ್ಟೇ. ಮುಂದಿನದು ಮರೆತಿದೆ.

ನವೆಂಬರ್ ೩

ಉತ್ತರದ ಗಾಳಿ, ಚುರುಕು. ಬಾಯ್ಲರ್ ಹಚ್ಚಿದೆ. ಬೆಳಿಗ್ಗೆ ಎರಡು ಗಂಟೆ, ಸಂಜೆ ನಾಲ್ಕು ಗಂಟೆ. ನನ್ನ ಮನೆ ಅದರ ನೆತ್ತಿಯ ಮೇಲೇ ಇದೆ. ಅದರ ಗುರುಗುರು ನೆಲದಿಂದ ಅಂಗಾಲಿಗೆ ಬರುತ್ತದೆ, ಕೇಳಿದರೇ ಸಾಕು, ಆರೋಗ್ಯ ತಿಳಿಯುತ್ತದೆ.

ಲಿಫ್ಟಿನ ಪಕ್ಕ ವಕೀಲ ಸ್ಕಾರ್ಲಾತೊಸ್ ಚೀಟಿ ಅಂಟಿಸಿದ್ದಾನೆ. ಮೇಲಿನ ಎರಡೂ ಮಹಡಿ ಅವನದೇ. ಹತ್ತನೇ ತಾರೀಕು ಮಾಲೀಕರ ಸಭೆ; ಕಟ್ಟಡದ ಉಸ್ತುವಾರಿಯನ್ನು ಒಂದು ಕಂಪನಿಗೆ ಕೊಡಬೇಕಂತೆ. ನಾನು ನಿವೃತ್ತನಾದ ದಿನದಿಂದ ಉಸ್ತುವಾರಿ ನನ್ನದು. ಅಥೆನ್ಸಿನ ಬಂದರು ಪಿರೇಯಸ್‌ನ ಈ ಬೀದಿಯಲ್ಲಿ ಯಾರೂ ನನ್ನ ಹೆಸರು ಹಿಡಿದು ಕರೆಯುವುದಿಲ್ಲ, "ಚೀಫ್" ಎನ್ನುತ್ತಾರೆ. ಬಾಯ್ಲರ್ ಕೋಣೆಯ ಬೀಗದ ಕೈ ಹೋದರೆ ಬೆಳಿಗ್ಗೆ ಹಾಸಿಗೆ ಬಿಟ್ಟು ಏಳುವುದಕ್ಕೆ ನನಗೆ ಬೇರೆ ಕಾರಣವಿಲ್ಲ. ಇದನ್ನು ಇಲ್ಲಿ ಬರೆಯಬಹುದು, ಹೊರಗೆ ಹೇಳಲಾಗದು.

ಎವಾಂಥಿಯಾ ಇದ್ದಿದ್ದರೆ ಅಡುಗೆಮನೆಯಲ್ಲಿ ಒಂದು ಯುದ್ಧವೇ ನಡೆಯುತ್ತಿತ್ತು. ಅವಳ ಗಡ್ಡದವರನ್ನೆಲ್ಲ, ಹಳೆಯ ಅಥೆನ್ಸಿನ ತತ್ವಜ್ಞಾನಿಗಳನ್ನು, ಕರೆತರುತ್ತಿದ್ದಳು. ಎರಡೂವರೆ ಸಾವಿರ ವರ್ಷದ ಹಿಂದೆ ಸತ್ತವರಿಗೆಲ್ಲ ಅವಳು ಅಡ್ಡಹೆಸರಿಟ್ಟಿದ್ದಳು: ವಿಷ ಕುಡಿದವ, ಅವನ ಶಿಷ್ಯ ಅಗಲ ಹೆಗಲಿನವ, ಆ ಶಿಷ್ಯನ ಶಿಷ್ಯ ವೈದ್ಯನ ಮಗ. ನನ್ನ ಪಕ್ಷ ಅಗಲ ಹೆಗಲಿನವನದು. ಹಡಗು ಗೊತ್ತಿದ್ದ ಮನುಷ್ಯ ಅವನು. ನಕ್ಷತ್ರ ನೋಡಿ ದಾರಿ ಹೇಳುವವನನ್ನು ಮೂಲೆಗೆ ತಳ್ಳಿ ಖಲಾಸಿಗಳೆಲ್ಲ ಚುಕ್ಕಾಣಿಗೆ ಕಿತ್ತಾಡಿದರೆ ಹಡಗು ಎಲ್ಲಿಗೆ ಹೋದೀತು, ಜನರ ಆಳ್ವಿಕೆ ಎಂದರೆ ಅದೇ ಎಂದವನು. ನಾನು ಮೇಜು ಕುಟ್ಟಿ "ಸರಿಯಾಗಿ ಹೇಳಿದ!" ಎನ್ನುತ್ತಿದ್ದೆ. ಅವಳು ಈರುಳ್ಳಿ ಹೆಚ್ಚುತ್ತಲೇ, "ಚುಕ್ಕಾಣಿ ಯಾರ ಕೈಲಿರ್ಬೇಕು ಅಂತ ನಿನ್ನ ಗಡ್ಡದವನು ಹೇಳಿದ. ಹಡಗು ಯಾವೂರಿಗೆ ಹೋಗ್ಬೇಕು ಅಂತ ಯಾರು ಹೇಳ್ಬೇಕು? ಟಿಕೆಟ್ ತಗೊಂಡೋರಲ್ವಾ?" ಎನ್ನುತ್ತಿದ್ದಳು.

 

ನವೆಂಬರ್ ೧೦, ಭಾನುವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಮೆಲ್ಪೊಳ ಕ್ಷೌರದಂಗಡಿಯಲ್ಲಿ ಸಭೆ. ನೆಲಮಹಡಿಯಲ್ಲಿ ಕುರ್ಚಿಗಳಿರುವ ಜಾಗ ಅದೊಂದೇ. ಮಾಲೀಕರು ಏಳು ಜನ. ನಮ್ಮಲ್ಲಿ ತಲೆಗೊಂದು ಮತವಿಲ್ಲ, ಮನೆಯ ಅಳತೆ ನೋಡಿ ಸಾವಿರದಲ್ಲಿ ಇಷ್ಟು ಪಾಲು ಎಂದು ಹಂಚಿದ್ದಾರೆ. ಕಂಪನಿ ಬೇಕು ಎಂದ ವಕೀಲನೊಬ್ಬನದೇ ಐನೂರು. ನಾನೇ ಇರಲಿ ಎಂದ ಉಳಿದವರೆಲ್ಲ ಸೇರಿ ಐನೂರು. ಮೂರು ಸಲ ಎಣಿಸಿದರೂ ಅಷ್ಟೇ.

ನನಗೆ ರೇಗಿತು. "ಹಾಗಾದ್ರೆ ಹಳೇ ಅಥೆನ್ಸಿನವರ ಥರ ಕಾಳು ಹಾಕಿ ಚೀಟಿ ಎತ್ತಿ! ಕಾಳಲ್ಲಿ ಯಾರಾದ್ರೂ ಬಡಗೀನ ಆರಿಸ್ತಾರಾ, ನಾವಿಕನ್ನ ಆರಿಸ್ತಾರಾ ಅಂತ ವಿಷ ಕುಡಿದ ಆ ಮುದುಕ ನಗ್ತಿದ್ದ. ನೀವು ಅದನ್ನೇ ಮಾಡಿ!" ಎಂದೆ. ಹಂಗಿಸಲು ಹೇಳಿದ ಮಾತು.

ಮೂರನೇ ಮಹಡಿಯ ಪೊಲಿಕ್ಸೆನಿಯಮ್ಮ, ಎಂಬತ್ತನಾಲ್ಕು ವರ್ಷದ ದರ್ಜಿ, ಆಗಲೇ ಎದ್ದಿದ್ದಳು. "ಒಳ್ಳೇ ಮಾತು ಹೇಳ್ದೆ ಕಣಪ್ಪ. ನಾಳೆ ಸಾರಿಗೆ ಅಂತ ಬೀನ್ಸ್ ಕಾಳು ತೆಗೆದಿಟ್ಟಿದೀನಿ."

"ಅಮ್ಮಾ, ನಾನು ತಮಾಷೆಗೆ ಅಂದದ್ದು."

"ನಾನೂ ತಮಾಷೆಗೇ ತರ್ತೀನಿ. ಇಲ್ದಿದ್ರೆ ರಾತ್ರಿ ಊಟಕ್ಕೂ ಇಲ್ಲೇ ಕೂತಿರ್ತೀವಿ."

ಪಾತ್ರೆ ಬಂತು. ಆರು ಬಿಳಿ ಕಾಳು, ಒಂದು ಕೆಂಪು; ಕೆಂಪು ಬಂದವರಿಗೆ ಉಸ್ತುವಾರಿ. ಮೇಲೆ ಮೆಲ್ಪೊಳ ಟವಲ್. ವಕೀಲನೂ ಕೈ ಹಾಕಿದ, ಕೋಟಿನ ತೋಳು ಮೇಲೆತ್ತಿ, ಬಿಸಿನೀರಿಗೆ ಕೈ ಹಾಕುವವನಂತೆ. ಅವನಿಗೆ ಬಿಳಿ. ನನಗೆ ಬಿಳಿ. ಕೆಂಪು ಬಂದದ್ದು ಲುವಾನನಿಗೆ. ಇಪ್ಪತ್ತೈದು ವರ್ಷದ ಹಿಂದೆ ಆಲ್ಬೇನಿಯಾದಿಂದ ಬಂದು ಊರಿಗೆಲ್ಲ ಗಾರೆ ಬಳಿದವನು, ನಾಲ್ಕು ವರ್ಷದ ಹಿಂದೆ ನೆಲದಡಿಯ ಮನೆ ಕೊಂಡವನು.

ಅವನು ಕಾಳನ್ನು ಅಂಗೈಯಲ್ಲಿಟ್ಟುಕೊಂಡು ನನ್ನನ್ನೇ ನೋಡಿದ. "ಚೀಫ್, ನಂಗೆ ಬೇಡ. ನಾನು ಗೋಡೆ ಕೆಲ್ಸದೋನು."

ಬೀಗದ ಕೈ ತೆಗೆದು ಮೆಲ್ಪೊಳ ಕನ್ನಡಿಯ ಮುಂದೆ ಬಾಚಣಿಗೆಗಳ ನಡುವೆ ಇಟ್ಟು ಬಂದೆ.

ನವೆಂಬರ್ ೧೧

ಫಿನಿಶ್ಡ್ ವಿತ್ ಎಂಜಿನ್ಸ್, ಎಂಜಿನ್ ಕೆಲಸ ಮುಗಿಯಿತು. ಹಡಗನ್ನು ದಡಕ್ಕೆ ಕಟ್ಟಿದಾಗ ಮೇಲಿನಿಂದ ಬರುವ ಕೊನೆಯ ಆಜ್ಞೆ ಅದು.

ತಲೆನೋವು.

ನವೆಂಬರ್ ೧೬

ಉತ್ತರದ ಗಾಳಿ, ಜೋರು. ಬಾಯ್ಲರ್ ಈಗ ಸಂಜೆ ಒಂದು ಗಂಟೆ ಹೆಚ್ಚು ಉರಿಯುತ್ತಿದೆ.

ಲುವಾನ್ ಬಾಗಿಲು ತಟ್ಟಿದ. ಕೈಯಲ್ಲಿ ಕಾಗದ, ಕಿವಿಯ ಹಿಂದೆ ಪೆನ್ಸಿಲ್.

"ಚೀಫ್, ಎಲ್ರ ಮನೇಗೂ ಹೋಗಿ ಕೇಳ್ತಿದೀನಿ. ಈ ಚಳಿಗಾಲ ನಿಮ್ಮನೇಲಿ ಹೋದ್ ವರ್ಷದ ಥರ ಇಲ್ದೇ ಇರೋದು ಏನಿದೆ?"

"ನೀನು ಹಡಗಲ್ಲಿ ಪ್ರಯಾಣಿಕರನ್ನ ಎಂಜಿನ್ ಹೇಗಿದೆ ಅಂತ ಕೇಳ್ತೀಯೇನಯ್ಯ?"

"ನಂಗೆ ಎಂಜಿನ್ ಗೊತ್ತಿಲ್ವಲ್ಲ ಚೀಫ್. ಅದಕ್ಕೇ ಕೇಳ್ತಿದೀನಿ."

ಹೆಂಡತಿ ಇಲ್ಲ, ಅದೊಂದೇ ವ್ಯತ್ಯಾಸ, ಬರಕೋ ಎಂದೆ. ಅವನು ಬರೆದುಕೊಳ್ಳಲಿಲ್ಲ. ಟೋಪಿ ತೆಗೆದು ನಿಂತ. ನನಗೆ ನಾಚಿಕೆಯಾಗಿ ಬಾಗಿಲು ಹಾಕಿಕೊಂಡೆ.

ಎವಾಂಥಿಯಾ ಹೇಳುತ್ತಿದ್ದ ಕಥೆಯೊಂದಿದೆ. ಉತ್ತರದೂರಿನಿಂದ ಬಂದ ಒಬ್ಬ ಮೇಷ್ಟ್ರು, ವಿಷ ಕುಡಿದವನ ಎದುರಿಗೇ ಹೇಳಿದ್ದಂತೆ. ದೇವರಾಜ ಮನುಷ್ಯರಿಗೆ ನಾಚಿಕೆಯನ್ನೂ ನ್ಯಾಯವನ್ನೂ ಕಳಿಸಿಕೊಟ್ಟ. ಹೊತ್ತು ತಂದ ದೂತ ಕೇಳಿದ: ವೈದ್ಯ ವಿದ್ಯೆಯನ್ನು ಹಂಚಿದ ಹಾಗೆ ಊರಿಗೊಬ್ಬರಿಗೆ ಕೊಡಲೇ, ಎಲ್ಲರಿಗೂ ಕೊಡಲೇ? ಎಲ್ಲರಿಗೂ ಕೊಡು, ಒಬ್ಬಿಬ್ಬರಲ್ಲಿ ಮಾತ್ರ ಇದ್ದರೆ ಊರೇ ನಿಲ್ಲುವುದಿಲ್ಲ ಎಂದನಂತೆ ದೇವರು. "ಅದಕ್ಕೇ ನಮ್ಮೋರು ಹಡಗು ಕಟ್ಟೋ ಮಾತು ಬಂದ್ರೆ ಬಡಗೀನ ಕೇಳೋರು, ಊರಿನ ಮಾತು ಬಂದ್ರೆ ಚಮ್ಮಾರನ್ನೂ ಕೇಳೋರು" ಎನ್ನುತ್ತಿದ್ದಳು. ನಾಚಿಕೆಯಿಂದ ಬಾಯ್ಲರ್ ಉರಿಯುವುದಿಲ್ಲ ಎಂದು ನಾನು ಅನ್ನುತ್ತಿದ್ದೆ.

ಊಟ ಸೇರಲಿಲ್ಲ.

ನವೆಂಬರ್ ೨೨

ಎರಡು ದಿನದಿಂದ ದಕ್ಷಿಣದ ಬೆಚ್ಚನೆಯ ಗಾಳಿ. ಬಾಯ್ಲರ್ ಹಚ್ಚಿಲ್ಲ. ಬಂದರಿನ ಕಟ್ಟೆಯ ಮೇಲೆ ಮೂರು ಗಂಟೆ ಕೂತಿದ್ದೆ. ತಲೆ ಹೂವಿನಷ್ಟು ಹಗುರ. ಹುರಿದ ಮೀನು ತಿಂದೆ, ಬಹಳ ದಿನದ ಮೇಲೆ ರುಚಿಯೆನಿಸಿತು. ಸಮುದ್ರವೇ ಮದ್ದು, ಮಿಕ್ಕಿದ್ದೆಲ್ಲ ಸುಳ್ಳು.

ಮರಳುವಾಗ ಲಿಫ್ಟಿನಲ್ಲಿ ವಕೀಲನ ನಾಯಿ ಒಂದೇ ಇಳಿದು ಬಂತು. ಲಿಫ್ಟು ಹತ್ತಿ ಇಳಿದು ತಾನೇ ಹೊರಗೆ ಹೋಗುವುದನ್ನು ಕಲಿತಿದೆ. ಜನರ ಆಳ್ವಿಕೆ ಬಂದ ಊರಿನಲ್ಲಿ ಕತ್ತೆಗಳೂ ದಾರಿ ಬಿಡುವುದಿಲ್ಲ ಎಂದು ಅಗಲ ಹೆಗಲಿನವ ಗೊಣಗಿದ್ದನಂತೆ. ನಾನೇ ಪಕ್ಕಕ್ಕೆ ಸರಿದು ದಾರಿ ಬಿಟ್ಟೆ.

ನವೆಂಬರ್ ೨೮

ಮತ್ತೆ ಚಳಿ. ಮತ್ತೆ ತಲೆ. ಮೆಲ್ಪೊ ಗಡ್ಡ ಟ್ರಿಮ್ ಮಾಡುತ್ತ "ಚೀಫ್, ನಿಮ್ಮ ಕೆನ್ನೆ ದಾಳಿಂಬೆ ಥರ ಆಗಿದೆ, ಯಾರಾದ್ರೂ ಸಿಕ್ಕಿದ್ರಾ?" ಎಂದಳು. ನಕ್ಕೆ. ಅವಳಿಗೊಂದು ಕಥೆ ಹೇಳಿದೆ: ದೇವರಾಜ ಮನುಷ್ಯರಿಗೆ ನಾಚಿಕೆಯನ್ನೂ ನ್ಯಾಯವನ್ನೂ ಕಳಿಸಿಕೊಟ್ಟ. ಹೊತ್ತು ತಂದ ದೂತ ಕೇಳಿದ, ಊರಿಗೊಬ್ಬರಿಗೆ ಕೊಡಲೇ, ಎಲ್ಲರಿಗೂ ಕೊಡಲೇ? ಈ ಕಥೆಯನ್ನು ಇಲ್ಲಿ ಬರೆದಿಡಬೇಕು, ಇನ್ನೂ ಬರೆದಿಲ್ಲ.

ಮೆಲ್ಪೊ ಕತ್ತರಿ ನಿಲ್ಲಿಸಿ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದಳು. ಒಳ್ಳೆಯ ಕಥೆಗೆ ಹಾಗೇ ಆಗುತ್ತದೆ.

ನವೆಂಬರ್ ೩೧

ಗಾಳಿ.

ಬಾಯ್ಲರ್ ಚೆನ್ನಾಗಿದೆ. ಸದ್ದು ಚೆನ್ನಾಗಿದೆ. ಸಭೆಯಂತೆ. ಹೋಗುವುದಿಲ್ಲ, ಖಲಾಸಿಗಳ ಸಭೆ. ಎವಾಂಥಿಯಾ ಕೆಳಗೆ ಹೋಗಿದ್ದಾಳೆ, ದೀಪ ಕಂಡರೆ ಹೇಳುತ್ತಾಳೆ. ಇನ್ನೂ ಹೇಳಿಲ್ಲ. ಕೂಗಲಿ ಎಂದು ಕಾಯುತ್ತ

ಡಿಸೆಂಬರ್ ೬, ಸಂತ ನಿಕೊಲಾಸನ ಹಬ್ಬ

ನಾವಿಕರ ಸಂತನ ದಿನ. ಬಂದರಿನಲ್ಲಿ ಹಡಗುಗಳೆಲ್ಲ ಒಟ್ಟಿಗೆ ಸೀಟಿ ಹಾಕಿದ್ದು ಆಸ್ಪತ್ರೆಯ ಕಿಟಕಿಯವರೆಗೂ ಬಂತು. ಬದುಕಿದ್ದೇನೆ. ಗಾಳಿ ಯಾವ ಕಡೆಯದು ಗೊತ್ತಿಲ್ಲ. ಕಿಟಕಿ ತೆಗೆಯಬಾರದಂತೆ.

ನೋಟ್‌ಬುಕ್ ತಂದುಕೊಟ್ಟವಳು ಮೆಲ್ಪೊ. ಹಿಂದಿನ ಪುಟ ನೋಡಿ ನನಗೇ ಮೈ ಜುಮ್ಮೆಂದಿತು. ನವೆಂಬರಿನಲ್ಲಿ ಮೂವತ್ತೊಂದನೆಯ ದಿನ ಎಲ್ಲಿಂದ ಬಂತು? ಅದು ಡಿಸೆಂಬರ್ ಒಂದು, ಭಾನುವಾರ, ಸಂಜೆ ಐದೂವರೆ.

ಹೊಗೆಗೂಡಿನ ತುದಿಯಲ್ಲಿ ಪಾರಿವಾಳ ಗೂಡು ಕಟ್ಟಿ, ಕಡ್ಡಿಯೆಲ್ಲ ಒಳಗೆ ಕುಸಿದು ದಾರಿ ಮುಚ್ಚಿತ್ತು. ಮೇಲೆ ಹೋಗಲಾಗದ ವಿಷಗಾಳಿ ನನ್ನ ಅಡುಗೆಮನೆಗೆ ಬರುತ್ತಿತ್ತು. ಒಂದು ತಿಂಗಳು ಅದನ್ನೇ ಉಸಿರಾಡಿದ್ದೇನೆ. ಇನ್ನರ್ಧ ಗಂಟೆ ಕಳೆದಿದ್ದರೆ ನಿಮ್ಮನ್ನು ನೋಡುವ ಕೆಲಸ ನನಗಿರುತ್ತಿರಲಿಲ್ಲ ಎಂದಳು ಡಾಕ್ಟರಮ್ಮ.

ಸಭೆಯಲ್ಲಿ ನಡೆದದ್ದನ್ನು ಮೆಲ್ಪೊ ಹೇಳಿದ ಹಾಗೇ ಬರೆಯುತ್ತೇನೆ. ಲುವಾನ್ ತನ್ನ ಕಾಗದ ಓದುತ್ತಿದ್ದ. "ಮೂರನೇ ಮಹಡಿ: ಬಟ್ಟೆ ಮೇಲೆ ಮಸಿ ಬೀಳ್ತಿಲ್ಲ."

ವಕೀಲ ನಕ್ಕನಂತೆ. "ಇದೂ ಒಂದು ದೂರಾ?"

"ದೂರಲ್ಲಪ್ಪ, ಸಂತೋಷ," ಎಂದಳಂತೆ ಪೊಲಿಕ್ಸೆನಿಯಮ್ಮ. "ನಲವತ್ತು ವರ್ಷದಿಂದ ತಾರಸೀಲಿ ಬಟ್ಟೆ ಒಣಗಿಸ್ತಿದೀನಿ. ಬಿಳಿ ಹೊದಿಕೆ ಬಿಳಿಯಾಗೇ ಉಳಿದಿದ್ದು ಇದೇ ಮೊದಲ್ನೇ ಚಳಿಗಾಲ."

ಲುವಾನ್ ಓದುವುದನ್ನು ನಿಲ್ಲಿಸಿದ. "ಮಸಿ ಮೇಲಕ್ಕೆ ಬರ್ತಿಲ್ಲ ಅಂದ್ರೆ ಎಲ್ಲಿಗೆ ಹೋಗ್ತಿದೆ?"

ಆಮೇಲೆ ಮೆಲ್ಪೊ ಎಂದಳು: "ಚೀಫ್ ನಂಗೆ ಒಂದೇ ಕಥೇನ ಮೂರು ಸಲ ಹೇಳಿದ್ರು. ಮೂರು ಸಲಾನೂ ಮೊದಲ್ನೇ ಸಲ ಹೇಳೋ ಥರ. ಮುಖ ನೋಡಿದ್ರೆ ಕೆಂಪು ಕೆಂಪು. ನಾನು ತಮಾಷೆ ಮಾಡ್ಬಿಟ್ಟೆ."

ವಕೀಲ ಗಂಟಲು ಸರಿಮಾಡಿಕೊಂಡ. "ನನ್ನ ನಾಯಿ ಮೂರು ವಾರದಿಂದ ಅವರ ಬಾಗಿಲ ಹತ್ರ ಬಂದ್ರೆ ಕುಂಯ್ ಅಂತ ಹಿಂದಕ್ಕೋಡುತ್ತೆ. ಅವರು ಗದರಿದಾರೆ ಅಂದ್ಕೊಂಡಿದ್ದೆ."

ಆಗ ಲುವಾನನ ಮುಖ ಬಿಳಿಚಿಕೊಂಡಿತಂತೆ. "ಅವ್ರ ಅಡುಗೆಮನೆ ಗೋಡೇಲಿ ಇದೇ ಹೊಗೆಗೂಡಿಗೆ ಸೇರೋ ಹಳೇ ಸೌದೆ ಒಲೆ ಕೊಳವೆ ತೂತಿದೆ. ಕ್ಯಾಲೆಂಡರ್ ಹಿಂದೆ. ಇಪ್ಪತ್ತೆರಡು ವರ್ಷದ ಹಿಂದೆ ಟೀಚರಮ್ಮ ಕರೆಸಿದ್ರು, ತಗಡು ಮುಚ್ಚಿ ಗಾರೆ ಬಳಿದೋನು ನಾನೇ." ಕುರ್ಚಿ ಹಿಂದಕ್ಕೆ ಬಿದ್ದ ಸದ್ದು ಬೀದಿಗೆಲ್ಲ ಕೇಳಿತಂತೆ.

ತಗಡು ಹಾಕಿಸಿದಾಗ ನಾನು ಸಮುದ್ರದಲ್ಲಿದ್ದೆ. ತಗಡು ತುಕ್ಕು ಹಿಡಿದು ಬಿರಿದಿತ್ತು. ನನ್ನ ಮನೆಯ ಗೋಡೆಯಲ್ಲಿ ತೂತಿರುವುದು ನನಗೇ ಗೊತ್ತಿರಲಿಲ್ಲ.

ಬಾಗಿಲು ಒಡೆದದ್ದು ವಕೀಲನ ಹೆಗಲು. ಅದೂ ಅಗಲವಾದದ್ದೇ.

ಡಿಸೆಂಬರ್ ೧೨

ಮನೆಗೆ ಬಂದು ಮೂರು ದಿನವಾಯಿತು. ಪಶ್ಚಿಮದ ಗಾಳಿ, ಸಣ್ಣದು. ತೂತಿಗೆ ಲುವಾನ್ ಇಟ್ಟಿಗೆ ಇಟ್ಟು ಗಾರೆ ಬಳಿದಿದ್ದಾನೆ. ಹೊಸ ಬಾಗಿಲಿನಲ್ಲಿ ಮರದ ವಾಸನೆ.

ಮೇಜಿನ ತುಂಬ ಪರರ ಪಾತ್ರೆ. ಪೊಲಿಕ್ಸೆನಿಯಮ್ಮನ ನಿಂಬೆ ಹಿಂಡಿದ ಕೋಳಿ ಸಾರು, ಮೆಲ್ಪೊಳ ಪಾಲಕ್ ಕಡುಬು, ಲುವಾನನ ಹೆಂಡತಿಯ ಮೊಸರು ಬೆರೆಸಿ ಬೇಯಿಸಿದ ಕುರಿಮಾಂಸ, ವಕೀಲ ಪೇಟೆಯಿಂದ ತರಿಸಿದ, ಯಾರೂ ಕೇಳದ, ದೊಡ್ಡ ಕೇಕು. ಒಂದೊಂದು ಚಮಚ ತಿನ್ನುತ್ತ ಕೂತಾಗ ವೈದ್ಯನ ಮಗ ನೆನಪಾದ. ಒಬ್ಬ ಶ್ರೀಮಂತ ಮಾಡಿಸಿದ ಔತಣಕ್ಕಿಂತ ಊರವರೆಲ್ಲ ತಲೆಗೊಂದು ತಂದ ಔತಣ ಮೇಲು, ತಿಳಿವಳಿಕೆಯೂ ಹಾಗೇ ಎಂದವನು ಅವನು. ಒಬ್ಬೊಬ್ಬರಲ್ಲಿ ಒಂದೊಂದು ಚೂರು. ಮಸಿ ಒಬ್ಬಳಲ್ಲಿ, ಕೆನ್ನೆ ಒಬ್ಬಳಲ್ಲಿ, ತೂತು ಒಬ್ಬನಲ್ಲಿ, ನಾಯಿ ಒಬ್ಬನಲ್ಲಿ. ಎವಾಂಥಿಯಾ ಇದನ್ನು ಹೇಳಿದಾಗಲೆಲ್ಲ ನಾನು ಪೇಪರ್ ಓದುತ್ತಿದ್ದೆ.

ಪಾತ್ರೆಯನ್ನು ಖಾಲಿ ಹಿಂದಿರುಗಿಸುವ ಪದ್ಧತಿ ನಮ್ಮಲ್ಲಿಲ್ಲ. ಬೀನ್ಸ್ ಕಾಳು ನೆನೆಸಿ ಬೇಯಿಸಿದೆ, ಜೀವನದಲ್ಲಿ ಮೊದಲ ಸಲ. ಮೂರನೇ ಮಹಡಿಗೆ ಹೊತ್ತುಕೊಂಡು ಹೋದೆ. ಪೊಲಿಕ್ಸೆನಿಯಮ್ಮ ಒಂದು ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದಳು.

"ಉಪ್ಪು ಜಾಸ್ತಿ. ಕಾಳು ಬೆಂದಿಲ್ಲ."

"ಬೆಂದಿದೆ ಅಮ್ಮ. ಗಡಿಯಾರ ಇಟ್ಕೊಂಡು ಬೇಯಿಸಿದೀನಿ."

"ಬೇಯ್ಸಿದೋನು ನೀನು ಇರ್ಬಹುದು. ಅಗೀತಿರೋಳು ನಾನು."

ಅಡುಗೆ ಹೇಗಿದೆ ಎಂದು ಹೇಳಬೇಕಾದವನು ಅಡುಗೆಯವನಲ್ಲ, ಉಂಡವನು ಎಂದೂ ವೈದ್ಯನ ಮಗನೇ ಹೇಳಿದ್ದ. ಅವನನ್ನು ಓದದೆಯೇ ಈಯಮ್ಮ ಎಂಬತ್ತನಾಲ್ಕು ವರ್ಷ ಬದುಕಿದ್ದಾಳೆ. ಬೈದುಕೊಳ್ಳುತ್ತಲೇ ಪಾತ್ರೆ ಪೂರ್ತಿ ಮುಗಿಸಿದಳು.

ಡಿಸೆಂಬರ್ ೧೫, ಭಾನುವಾರ

ಒಂದು ಬಾಕಿಯಿತ್ತು. ಮೂರು ದಿನದಿಂದ ಅನ್ನ ಇಳಿದರೂ ಅದು ಇಳಿಯುತ್ತಿರಲಿಲ್ಲ. ಎಲ್ಲರೂ ಪಾರಿವಾಳವನ್ನು ಬೈಯುತ್ತಿದ್ದರು.

ಕಾಳಿನಲ್ಲಿ ಆರಿಸುವುದು ಹುಚ್ಚುತನ ಎಂದು ನಾನು ರೇಗಿಸಿದಾಗ ಎವಾಂಥಿಯಾ ಹೇಳುತ್ತಿದ್ದಳು: "ಕಾಳು ಬಂದೋನು ಸುಮ್ನೆ ಕೂತು ಎದ್ದು ಹೋಗ್ತಿರ್ಲಿಲ್ಲ ಕಣೋ. ಅವಧಿ ಮುಗಿದ್ಮೇಲೆ ಊರ ಮುಂದೆ ನಿಂತು ಲೆಕ್ಕ ಒಪ್ಪಿಸ್ಬೇಕಿತ್ತು. ಯಾರು ಬೇಕಾದ್ರೂ ಎದ್ದು ಕೇಳ್ಬಹುದಿತ್ತು. ನಿನ್ನ ಅಗಲ ಹೆಗಲಿನೋನ ಜ್ಞಾನಿ ರಾಜ ಯಾರಿಗೆ ಒಪ್ಪಿಸ್ತಾನೆ, ಹೇಳು?"

ಹತ್ತೊಂಬತ್ತು ವರ್ಷ ನಾನೂ ಯಾರಿಗೂ ಒಪ್ಪಿಸಿರಲಿಲ್ಲ. ಯಾರೂ ಕೇಳಿರಲಿಲ್ಲ, ಚೀಫ್ ಅಲ್ಲವೇ.

ಇವತ್ತಿನ ಸಭೆಯಲ್ಲಿ ಬಾಯ್ಲರ್ ಪುಸ್ತಕ ತೆರೆದು ಅಕ್ಟೋಬರ್ ಇಪ್ಪತ್ತೊಂಬತ್ತರ ಸಾಲನ್ನು ಓದಿದೆ. "ಇದು ಸುಳ್ಳು. ನಾನು ನೋಡ್ಲಿಲ್ಲ. ನೋಡಿದೆ ಅಂತ ಬರೆದೆ. ಪಾರಿವಾಳದ್ದು ತಪ್ಪಿಲ್ಲ." ಆ ಇಂಗ್ಲಿಷ್ ವಾಕ್ಯದ ಬಾಲ ಆಗಲೇ, ಎಲ್ಲರೆದುರು ನಿಂತಿದ್ದಾಗ, ನೆನಪಿಗೆ ಬಂತು: "ನೆವರ್ ರೈಟ್ ವಾಟ್ ಯು ಡಿಡ್ ನಾಟ್ ಸೀ." ಕಾಣದ್ದನ್ನು ಬರೆಯಬೇಡ. "ಅಲ್ಲಿ ನಾನೊಬ್ಬನೇ ಇದ್ದೆ ಅನ್ನೋದು ಅದೃಷ್ಟ. ಆ ತೂತು ನಿಮ್ಮ ಯಾರ ಮನೇಲಾದ್ರೂ ಇರ್ಬಹುದಿತ್ತು," ಎಂದೆ.

ವಕೀಲ ಕನ್ನಡಕ ತೆಗೆದ. "ಕಾನೂನು ಪ್ರಕಾರ ಇದೊಂದು ಕೇಸು ಚೀಫ್. ಆದ್ರೆ ಪೆಟ್ಟು ತಿಂದೋನೂ ನೀವೇ, ಆರೋಪಿನೂ ನೀವೇ. ಫೀಸು ಯಾರ ಹತ್ರ ಕೇಳ್ಲಿ?"

ಮೆಲ್ಪೊ ಜೋರಾಗಿ ಅತ್ತಳು. ಇಲ್ಲ, ನಗುತ್ತಿದ್ದಳೋ ಏನೋ.

"ಹಳೇ ಕಾಲದಲ್ಲಿ ಶಿಕ್ಷೆ ಏನು ಅಂತ ತಪ್ಪು ಮಾಡಿದೋನೇ ಸೂಚಿಸ್ಬೇಕಿತ್ತು," ಎಂದೆ. "ವಿಷ ಕುಡಿದ ಮುದುಕ, ನಂಗೆ ಊರ ಖರ್ಚಲ್ಲಿ ದಿನಾ ಊಟ ಹಾಕಿ, ಅದೇ ನನ್ನ ಶಿಕ್ಷೆ ಅಂದ. ಅವ್ರಿಗೆ ಸಿಟ್ಟು ಬಂತು."

"ನೀನೇನು ಕೇಳ್ತೀಯ?" ಪೊಲಿಕ್ಸೆನಿಯಮ್ಮ.

"ನೀವು ಕೊಟ್ಟಿದ್ದು."

ಜನರ ಆಳ್ವಿಕೆಯ ಮೇಲೆ ನನ್ನ ದೊಡ್ಡ ದೂರು ಯಾವಾಗಲೂ ಅದೇ ಆಗಿತ್ತು: ಗುಂಪು ಸೇರಿ ಒಬ್ಬ ಒಳ್ಳೆಯವನನ್ನು ಕೊಂದಿತು. ಎವಾಂಥಿಯಾ ಅದನ್ನು ಎಂದೂ ಅಲ್ಲಗಳೆಯಲಿಲ್ಲ. "ಕೊಂದ್ರು, ಅದು ಅವ್ರ ತಲೆ ಮೇಲಿದೆ. ಆದ್ರೆ ಎಪ್ಪತ್ತು ವರ್ಷ ಆಗೋ ತನಕ ಅವನನ್ನ ಸಂತೇಲಿ ನಿಂತು ಮಾತಾಡೋಕೆ ಬಿಟ್ಟಿದ್ದೂ ಅದೇ ಊರು. ಬೇರೆ ಯಾವೂರು ಬಿಡ್ತಿತ್ತು?" ಎನ್ನುತ್ತಿದ್ದಳು.

ಅವರು ಮಾತಾಡಿಕೊಂಡರು. ವಕೀಲನೇ, "ಇದಕ್ಕೆ ಸಾವಿರದ ಲೆಕ್ಕ ಬೇಡ, ತಲೆಗೊಂದು ಕೈ" ಎಂದು ತನ್ನ ಒಂದು ಕೈ ಎತ್ತಿದ. ತೀರ್ಪು: ಬಾಯ್ಲರ್ ಹೇಗೆ ನಡೆಯುತ್ತದೆ ಎಂದು ನಾನು ಎಲ್ಲರಿಗೂ ಒಬ್ಬೊಬ್ಬರಾಗಿ ಕಲಿಸಬೇಕು. ಕೀಲಿ ಲುವಾನನ ಬಳಿ, ಮುಂದಿನ ನವೆಂಬರಿನವರೆಗೆ. ಆಮೇಲೆ ಮತ್ತೆ ಏಳು ಕಾಳು, ಅದರಲ್ಲಿ ನನ್ನದೂ ಒಂದು. ಮತ್ತೆ, ಪೊಲಿಕ್ಸೆನಿಯಮ್ಮ ಬಾಗಿಲಲ್ಲಿ ತಿರುಗಿ ಸೇರಿಸಿದ್ದು, ಭಾನುವಾರ ಊಟ ಅವಳ ಮನೆಯಲ್ಲಿ, ಬೀನ್ಸ್ ಬೇಯಿಸುವುದನ್ನು ಕಲಿಯುವ ತನಕ.

ಆ ಮುದುಕ ಊಟ ಕೇಳಿ ವಿಷ ಪಡೆದ. ನಾನು ವಿಷ ಕುಡಿದು ಬಂದೆ, ನನಗೆ ಊಟ ಸಿಕ್ಕಿತು. ಎವಾಂಥಿಯಾ, ಕೇಳಿಸಿತೇ?

ಡಿಸೆಂಬರ್ ೧೬

ಗಾಳಿ ಇಲ್ಲ. ಆಕಾಶ ತೊಳೆದ ಹಾಗಿದೆ.

ಬೆಳಿಗ್ಗೆ ಹತ್ತಕ್ಕೆ ಮೊದಲ ಪಾಠ. ಲುವಾನ್ ತಾರಸಿಗೆ ಹೋದ, ವಕೀಲ ಏಣಿ ಹಿಡಿದ, ನಾಯಿ ಮೆಟ್ಟಿಲ ಮೇಲೆ ಕೂತಿತು. ಕೆಳಗೆ ಬಾಯ್ಲರ್ ಕೋಣೆಯಲ್ಲಿ ಮೆಲ್ಪೊ, ಪೊಲಿಕ್ಸೆನಿಯಮ್ಮ, ನಾನು. ಇಷ್ಟು ವರ್ಷದಲ್ಲಿ ನಾನು ಕೆಳಗೆ ನಿಂತದ್ದು ಇದೇ ಮೊದಲು. ಪುಟ್ಟ ಬಾಗಿಲು ತೆಗೆದು ಮಂಡಿಯೂರಿದೆ. ಕತ್ತಲು, ಮಸಿಯ ವಾಸನೆ, ಮೇಲಿನಿಂದ ಹಗ್ಗ ಉಜ್ಜುವ ಸದ್ದು. ಇಲ್ಲಿಂದ ನೋಡಿದರೆ ಬಹಳ ಹೊತ್ತು ಏನೂ ಕಾಣುವುದಿಲ್ಲ. ಅವಳು ಪ್ರತಿ ವರ್ಷ ಇಷ್ಟು ಹೊತ್ತು ಕತ್ತೆತ್ತಿ ಕಾದಿದ್ದಳು.

"ಕಾಣ್ತಾ ಚೀಫ್?" ಮೇಲಿನಿಂದ ಲುವಾನ್.

"ತಡಿ."

ಆಮೇಲೆ ದುಂಡಗೆ, ಸಣ್ಣಗೆ, ತೂಗುತ್ತ ಬಂತು.

ಕೂಗುವ ಮೊದಲು ಅವರಿಬ್ಬರನ್ನೂ ಹತ್ತಿರ ಕರೆದೆ. ಪೊಲಿಕ್ಸೆನಿಯಮ್ಮ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದಳು, ಮೆಲ್ಪೊ ಅವಳ ಮೇಲಿಂದ. ಆಗ ಕೂಗಿದೆ.

"ಚಂದ್ರ ಕಂಡ!"

ಬಾಯ್ಲರ್ ಪುಸ್ತಕದಲ್ಲಿ ಲುವಾನ್ ಬರೆಯಲು ಹೇಳಿದ. ಬರೆದೆ: ಹೊಗೆಗೂಡು, ನೋಡಿದೆವು.